ಬಾಗಿಲ ಮೇಲಿನ ಹಿಡಿ

ಬಾಗಿಲ ಮೇಲಿನ ರೆಕ್ಸಿನ್ ಕೆಳಗೆ ಬೆರಳಿಗೇನೋ ಉಬ್ಬು ತಾಕಿತು, ತೂತು ಮುಚ್ಚುವ ಪುಟ್ಟಿ ಒಣಗಿದಂಥದ್ದು, ಇಲ್ಲಿಗೆ ಪುಟ್ಟಿ ಯಾಕೆ ಬಂತು, ಅನಂತರಾಜು ಜೀಪಿನ ಸೀಟಿಗೆ ಮೊಣಕಾಲೂರಿ ಕತ್ತೆತ್ತಿದ, ಕನಕಪುರದಿಂದ ತಂದ ಹೊಸ ಹಿಡಿ ಸೀಟಿನ ಮೇಲೆ ಬಿದ್ದಿದೆ, ಬಾಗಿಲಿಗೆ ಒರಗಿ ಸ್ವಾಮಿ ನಿಂತಿದ್ದಾನೆ, ತನಗೆ ಈ ಜೀಪು ಮಾರಿದವನೇ ಹಿಡಿ ಕೂರಿಸಲೂ ಬಂದನಲ್ಲ, ಗೆಳೆಯ ಅಂದರೆ ಇವನು ಎಂದು ಬೆಳಿಗ್ಗೆ ಎಷ್ಟು ಹಿಗ್ಗಿದ್ದ — ಅಲ್ಲಿ ಬ್ಯಾಡ ಕಣ್ಲಾ ಅನಂತ, ಒಸಿ ಹಿಂದಕ್ಕೆ ತೂತು ಹೊಡಿ, ಅಲ್ಲಿ ತಗಡು ಗಟ್ಟಿ ಇಲ್ಲ, ಎಂದ ಸ್ವಾಮಿ — ಮುಟ್ಟದೆಯೇ ಇವನಿಗೆ ಹೇಗೆ ಗೊತ್ತು? ಈ ಮಾಡಲ್‌ಗೆ ಹ್ಯಾಂಡಲ್ಲೇ ಬರಲ್ಲ ಕಣ್ಲಾ ಎಂದವನೂ ಇವನೇ, ಜೀಪು ಕೊಟ್ಟ ದಿನ, ಇದೇ ಬಾಗಿಲಿಗೆ ಒರಗಿ. ಇತ್ತು ಕಣ್ ಮಗ, ಎಂದಿದ್ದಳು ಅವ್ವ, ಸ್ವಾಮಿ ಮೊದ್ಲು ಈ ಜೀಪ್ ತಂದಾಗ ಆ ಹಿಡಿಗೆ ನಾನೇ ಹಳದಿ ದಾರದಾಗೆ ಅರಿಶಿನದ ಕೊಂಬು ಕಟ್ಟಿವ್ನಿ. ನಿನ್ ಕಣ್ಗೆ ಪೊರೆ ಬಂದೈತೆ, ಸುಮ್ಕಿರವ್ವ, ಎಂದು ತಾನು ನಕ್ಕಿದ್ದ, ಸ್ವಾಮಿ ಅದಕ್ಕಿಂತ ಜೋರಾಗಿ ನಕ್ಕಿದ್ದ. ಆಮೇಲೆ ಬೆಟ್ಟದ ದೇವರ ಕಲ್ಲುದಾರಿಯಲ್ಲಿ ಜೀಪು ವಾಲಿದಾಗ ಅವ್ವನ ಕೈ ತಾನಾಗಿ ಮೇಲೆ ಹೋಯಿತು, ಹಿಡಿ ಇತ್ತೆಂದ ಜಾಗಕ್ಕೇ ನೇರವಾಗಿ ಹೋಯಿತು, ಬೆರಳು ಮಡಿಸಿದಳು, ಬಿದ್ದಳು, ಮಣಿಕಟ್ಟು ಮುರಿದ ಸದ್ದು ಸ್ಟೇರಿಂಗ್ ಹಿಡಿದ ಅವನಿಗೂ ಕೇಳಿಸಿತ್ತು.

ರೆಕ್ಸಿನ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದ, ಪುಟ್ಟಿ ಪುಡಿಪುಡಿಯಾಗಿ ಕಣ್ಣಿಗೆ ಬಿತ್ತು, ಒಳಗೆ ಬೋಲ್ಟಿನ ತೂತು, ಸುತ್ತ ಹಿಡಿ ಕೂತಿದ್ದ ಗುರುತು, ಅದರಂಚಿಗೆ ಅಂಟಿಕೊಂಡ ಒಂದೆಳೆ ಹಳದಿ ದಾರ. ಹಳದಿ ದಾರ. ಅವ್ವ ಸುಳ್ಳು ಹೇಳಿರಲಿಲ್ಲ. ಹಾಗಾದರೆ ಸ್ವಾಮಿಯ ಹೊಸ ಜೀಪಿನಲ್ಲಿ ಹೊಳೆಯುತ್ತಿರುವ ಆ ದಪ್ಪ ಹಿಡಿ ಇಲ್ಲಿಂದ ಬಿಚ್ಚಿದ್ದೇ, ಇಂಥ ಉಕ್ಕು ಈಗೆಲ್ಲಿ ಸಿಗ್ತದ್ಲಾ ಎಂದು ಇವನು ಬೀಗಿದ್ದು, ತಾನು ಅದನ್ನೇ ಹಿಡಿದು ಹೊಗಳಿದ್ದು, ಥೂ, ಕೇಳಿದ್ದರೆ ನಾನೇ ಬಿಚ್ಚಿ ಕೊಡುತ್ತಿದ್ದೆನಲ್ಲ, ಆಸ್ಪತ್ರೆಗೆ ಮೂಸಂಬಿ ತಂದು ಅವ್ವನ ತಲೆ ಸವರಿದನಲ್ಲ ಈ ಮಹರಾಯ, ಆಗಲಾದರೂ ಬಾಯಿ ಬಿಡಬಾರದಿತ್ತೇ. ದಾರವನ್ನು ಬೆರಳ ತುದಿಯಲ್ಲಿ ಅವನ ಮುಂದೆ ಹಿಡಿದ. ಸ್ವಾಮಿ ದಾರ ನೋಡಿದ, ನೆಲ ನೋಡಿದ — ಅಯ್ಯೋ, ಹೇಳ್ಬೇಕು ಅಂತಿದ್ದೆ ಕಣ್ಲಾ, ಮರ್ತೋಯ್ತು, ಒಂದು ಹಿಡಿ ತಾನೆ. ಒಂದು ಹಿಡಿ ತಾನೆ. ಮನೆಯೊಳಗಿನಿಂದ ಅವ್ವ ಕೂಗಿದಳು, ಸ್ವಾಮಿ, ಕಾಪಿ ಕುಡ್ಕಂಡೇ ಹೋಗಪ್ಪ, ನಿನ್ ಕೆಲ್ಸ ಬುಟ್ಟು ಬಂದಿದೀಯ — ಎಡಗೈಯಲ್ಲಿ ಲೋಟ ಹಿಡಿದು ಹೊಸಿಲು ದಾಟಿದಳು, ಬಲಗೈ ಬಿಳಿ ಪಟ್ಟಿಯಲ್ಲಿ ಕುತ್ತಿಗೆಗೆ ನೇತುಬಿದ್ದಿದೆ, ಹೇಳಲೇ, ಇವಳಿಗೆ ಹೇಳಲೇ, ಲೋಟ ಅಲ್ಲೇ ಬಿದ್ದೀತು, ಹೇಳದಿದ್ದರೆ ಇವನು ಕುಡಿದು ಹೋಗುತ್ತಾನೆ, ನಾಳೆಯೂ ಬರುತ್ತಾನೆ, ಸ್ವಾಮಿಯ ಕೈ ಲೋಟಕ್ಕೆ ಚಾಚಿತು, ಅನಂತರಾಜುವಿಗೆ ಕಾಣುವುದು ಆ ಕೈಯಲ್ಲ — ವಾಲಿದ ಜೀಪು, ಮೇಲೆ ಹೋದ ಅವ್ವನ ಕೈ, ಮಡಿಸಿದ ಬೆರಳು, ಒಳಗೆ ಏನೂ ಇಲ್ಲ, ಮೇಲೆ ಹೋದ ಕೈ, ಮಡಿಸಿದ ಬೆರಳು, ಒಳಗೆ ಏನೂ ಇಲ್ಲ.