ಹದಿನಾಲ್ಕರ ಮೇಲೆ ಆರು

ಮೂರು ದಿನ ಅಳೆದೂ ಸುರಿದೂ ಕೊನೆಗೆ ಕೇಕಕ್ಕ ಹನ್ನೆರಡು, ಒಂಬತ್ತು, ಆರು ಇಂಚಿನ ಮೂರು ಅಂತಸ್ತು ಎಂದು ತೀರ್ಮಾನಿಸಿದಳು. ಅಂತಸ್ತಿನಿಂದ ಅಂತಸ್ತಿಗೆ ಮೂರಿಂಚು ವ್ಯತ್ಯಾಸ. ಅವಳ ಕಸುಬಿನಲ್ಲಿ ಅದು ವೇದವಾಕ್ಯ. ಹುಟ್ಟುಹಬ್ಬಕ್ಕೆ ಬರುವವರು ಎಂಬತ್ತು ಜನ, ಟೀಚರಮ್ಮನಿಗೂ ಎಂಬತ್ತು ತುಂಬುತ್ತಿತ್ತು. ಕೇಕು ಗೋಪುರದ ಹಾಗೆ ನಿಲ್ಲದಿದ್ದರೆ ಹೇಗೆ?

ಟೀಚರಮ್ಮ ಪಕ್ಕದ ಮನೆಯವರು. ಕೇಕಕ್ಕನಿಗೆ ಸ್ವಂತ ಓವನ್ ಇಲ್ಲದ ಕಾಲದಲ್ಲಿ ಎರಡು ವರ್ಷ ತಮ್ಮ ಅಡುಗೆಮನೆಯನ್ನೇ ಬಿಟ್ಟುಕೊಟ್ಟವರು. ಕೇಕು ಬೇಯಿಸುವ ಆರಿಂಚಿನ ಟಿನ್ನೊಂದನ್ನು ಕೈಗಿತ್ತವರು. ಸುಟ್ಟದ್ದು, ಹಸಿಯಾದದ್ದು, ನಡು ಕುಸಿದದ್ದು, ಎಲ್ಲವನ್ನೂ ತಿಂದು "ಚೆನ್ನಾಗಿದೆ ಕಣೇ" ಎಂದವರು. ಆ ಮಾತಿನ ಬಲದಲ್ಲೇ ಈ ಪುಣ್ಯಾತ್ಗಿತ್ತಿ ಅಂಗಡಿ ಇಟ್ಟಳು. ಆ ಋಣವನ್ನು ಅವಳು ಇಂದಿಗೂ ಮರೆತಿಲ್ಲ.

ಹುಟ್ಟುಹಬ್ಬದ ಹಿಂದಿನ ದಿನ ಮೇಜಿನ ಅಳತೆಗೆಂದು ಅವರ ಮನೆಗೆ ಹೋದಳು. ಟೀಚರಮ್ಮ ಗಾಲಿಕುರ್ಚಿಯಲ್ಲಿದ್ದರು. ಬಿದ್ದ ಮೇಲೆ ಅವರ ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ಕತ್ತರಿಸೋವಾಗ ನಾವು ಅಮ್ಮನ ಕೈ ಹಿಡ್ಕೋತೀವಿ ಬಿಡಿ," ಎಂದಳು ಮಗಳು.

"ಯಾರೂ ಹಿಡಿಯೋದು ಬೇಡ," ಎಂದರು ಟೀಚರಮ್ಮ. "ಸ್ನಾನಕ್ಕೂ ಹಿಡೀತೀರಿ, ಊಟಕ್ಕೂ ಹಿಡೀತೀರಿ. ಇದೊಂದನ್ನಾದ್ರೂ ನಾನೇ ಮಾಡ್ತೀನಿ."

ಕೇಕಕ್ಕ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಮೇಜಿನಿಂದ ಟೇಪು ಎತ್ತಿ ಹಿಡಿದು ನೋಡಿದಳು. ತಲಾ ನಾಲ್ಕಿಂಚಿನ ಮೂರು ಅಂತಸ್ತು ಎಂದರೆ ಒಂದಡಿ. ತುದಿ ಟೀಚರಮ್ಮನ ಮೂಗಿನ ನೇರಕ್ಕೆ ಬಂತು. ಕೆಳಗಿನದಕ್ಕೆ ಚಾಕು ಇಡೋಣವೆಂದರೆ ಹೊರಗೆ ಉಳಿಯುವುದು ಒಂದೂವರೆ ಇಂಚಿನ ಅಂಚು. ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ನಿಂತೇ ಕೆಲಸ ಮಾಡಿದವಳು, ನಿಂತೇ ಅಳೆದಿದ್ದಳು!

ಮನೆಗೆ ಬಂದವಳೇ ಬರೆದದ್ದನ್ನೆಲ್ಲ ಹೊಡೆದು ಹಾಕಿದಳು. ಕೆಳಗೆ ಹದಿನಾಲ್ಕು, ಮೇಲೆ ಆರು, ಅಷ್ಟೇ. ಎತ್ತರ ಎಂಟಿಂಚು, ಸುತ್ತಲೂ ನಾಲ್ಕಿಂಚು ಜಾಗ, ಎಂಬತ್ತು ತುಂಡಿಗೂ ಮೋಸವಿಲ್ಲ.

"ಆನೆ ಮೇಲೆ ಗುಬ್ಬಿ ಕೂರಿಸಿದ ಹಾಗಿದೆ," ಎಂದ ಗಂಡ. "ನೋಡಿದೋರು ನಗಲ್ವಾ?"

"ನಗಲಿ ಬಿಡಿ. ಅವರ ಕೈಗೆ ಸಿಕ್ಕಿದ್ರೆ ಸಾಕು."

ಮೇಲಿನದನ್ನು ಆ ಹಳೇ ಟಿನ್ನಿನಲ್ಲೇ ಬೇಯಿಸಿದಳು. ಟಿನ್ನಿನ ಪಕ್ಕ ನೆಗ್ಗಿತ್ತು, ಕೇಕೂ ಅಲ್ಲಿ ತಗ್ಗಾಗಿತ್ತು. ಯಾವಾಗಲೂ ಕೆನೆ ಮೆತ್ತಿ ಮುಚ್ಚುತ್ತಿದ್ದವಳು ಈ ಸಲ ಹಾಗೇ ಬಿಟ್ಟಳು.

ಮರುದಿನ ಒಬ್ಬಿಬ್ಬರು ಮುಸಿಮುಸಿ ನಕ್ಕದ್ದು ನಿಜ. ಟೀಚರಮ್ಮ ನಗಲಿಲ್ಲ. ಆ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿ ಕೇಕಕ್ಕನ ಕಡೆ ತಿರುಗಿದರು. ಮಗಳು ಮುಂದೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಚಾಕು ನಡುಗುತ್ತಲೇ ಇಳಿಯಿತು, ಆದರೆ ತಳದವರೆಗೂ ಇಳಿಯಿತು.

ಮೊದಲ ತುಂಡು ಕೇಕಕ್ಕನಿಗೆ. ಇನ್ನೊಂದು ಚೂರನ್ನು ಟೀಚರಮ್ಮ ತಮ್ಮ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು.

"ಇವತ್ತು ನಿಜ ಹೇಳ್ಬಿಡ್ತೀನಿ ಕಣೇ," ಎಂದರು. "ಆ ಎರಡು ವರ್ಷ ನೀನು ಮಾಡಿದ್ದು ಒಂದೂ ಚೆನ್ನಾಗಿರ್ಲಿಲ್ಲ."

ಕೇಕಕ್ಕ ನಕ್ಕಳು, ನಗುನಗುತ್ತಲೇ ಅತ್ತಳು. "ಗೊತ್ತಿತ್ತು ಟೀಚರಮ್ಮ," ಎಂದಳು. "ಮಿಕ್ಕಿದ್ದನ್ನ ನಾನೂ ತಿಂತಿದ್ನಲ್ಲ."