ಹೊಟ್ಟೆ ಸೀಳಿದ ಅಕ್ಷರ

ಬಣ್ಣದ ಡಬ್ಬಿಯ ಮುಚ್ಚಳ ಅವಳು ಎಷ್ಟು ಮೀಟಿದರೂ ಏಳಲಿಲ್ಲ. ಅವಳ ಜೊತೆ ಒಂದೇ ಚಾಪೆಯಲ್ಲಿ ಕೂತು ಕಲಿತ ಲಾರಿ ರಿಪೇರಿಯವನು ಅದನ್ನು ಕಿತ್ತುಕೊಂಡು ಒಂದೇ ಏಟಿಗೆ ತೆಗೆದುಕೊಟ್ಟ.

"ಓದಿದೋರಿಗೆ ಡಬ್ಬಿ ತೆಗೆಯೋಕೂ ನಾವೇ ಬೇಕು ನೋಡು."

ಅವಳು ನಗಲಿಲ್ಲ. ಒಳಗೆ ಗಂಟೆ ಮೇಷ್ಟ್ರು ಒಗೆದ ಅಂಗಿ ತೊಟ್ಟು ಮಲಗಿದ್ದರು. ಮಣ್ಣು ಮಾಡಿದ ಮೇಲೆ ತಲೆಯ ಬಳಿ ನೆಡುವ ಹಲಗೆಗೆ ಇವಳೇ ಬರೆಯಬೇಕೆಂದು ಅವರ ಹೆಂಡತಿಯ ಹಟ. ಈ ಗುಡ್ಡದ ಊರಿನಿಂದ ಇಳಿದು ಮೊದಲು ಕಾಲೇಜು ಕಂಡವಳು ಇವಳು. ಈಗ ಪೇಟೆಯ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಾಳೆ. ಇನ್ನೊಬ್ಬರ ತಪ್ಪು ಹುಡುಕುವುದೇ ಕೆಲಸ.

*

ಗಂಟೆ ಮೇಷ್ಟ್ರು ನಿಜಕ್ಕೆ ಮೇಷ್ಟ್ರೇ ಅಲ್ಲ, ಶಾಲೆಯ ಜವಾನರು. ನಾಲ್ಕನೇ ತರಗತಿಗೇ ಓದು ಮುಗಿದಿತ್ತು. ಬಸ್ಸು ಇಳಿದು ಮೂರು ಗಂಟೆ ಹತ್ತಬೇಕಾದ ಶಾಲೆ ಅದು. ಬಂದ ಮೇಷ್ಟ್ರುಗಳೆಲ್ಲ ಬೆವರು ಆರುವ ಮುಂಚೆಯೇ ವರ್ಗಕ್ಕೆ ಅರ್ಜಿ ಬರೆಯುತ್ತಿದ್ದರು. ಗಂಟೆ ಹೊಡೆದ ಕೈಯೇ ಸೀಮೆಸುಣ್ಣ ಹಿಡಿಯಬೇಕಾಯಿತು.

'ವಿಧ್ಯಾರ್ಥಿ' ಎಂದು ಬರೆದು ಹೇಳುತ್ತಿದ್ದರು: "ದ ಅಕ್ಷರದ ಹೊಟ್ಟೆ ಸೀಳ್ರಪ್ಪಾ. ಇಷ್ಟು ದೂರ ಹತ್ಕೊಂಡು ಬರೋರ ಪದ ಇದು, ಉಸಿರು ಜಾಸ್ತಿ ಬೇಕು."

ಪೇಟೆಯ ಹೈಸ್ಕೂಲಿನಲ್ಲಿ ಅವಳು ಹಾಗೆಯೇ ಬರೆದಾಗ ತರಗತಿಗೆ ತರಗತಿಯೇ ನಕ್ಕಿತು. ಆ ನಗುವನ್ನು ಗುಡ್ಡದವರೆಗೂ ಹೊತ್ತು ತಂದು, ರಜೆಯಲ್ಲಿ, ಚಿಕ್ಕ ಮಕ್ಕಳೆದುರೇ ಅವರ ಮೇಲೆ ಇಳಿಸಿದಳು.

"ತಪ್ಪು ಕಲಿಸ್ಬೇಡಿ ಮೇಷ್ಟ್ರೇ. ಪುಸ್ತಕದಲ್ಲಿ ಹೊಟ್ಟೆ ಸೀಳಿಲ್ಲ."

"ಹೌದೇನಮ್ಮಾ," ಎಂದು ಅವರು ಅಂಗಿಯ ತೋಳಿನಿಂದ ಕಪ್ಪುಹಲಗೆ ಒರೆಸಿದರು.

ಹೋಗಿ ಒಂದು ಮಾತು ಆಡಿ ಬರಬೇಕೆಂದು ಪ್ರತಿ ವರ್ಷ ಅಂದುಕೊಂಡಳು. ದೂರ ಎಂಬ ನೆಪ ಕೈಗೆ ಸಿಗುವಂತೆಯೇ ಇತ್ತು.

*

"ಆಮೇಲೆ ಅವರು ಹೇಗೆ ಬರೀತಿದ್ರು ಅಮ್ಮಾ?" ಹಲಗೆಯ ಮುಂದೆ ಕೂತು ಅವಳು ಮೇಷ್ಟ್ರ ಹೆಂಡತಿಯನ್ನು ಕೇಳಿದಳು.

"ಆ ಪದಾನೇ ಬಿಟ್ಬಿಟ್ರು ಕಣಮ್ಮ," ಎಂದಳು ಮುದುಕಿ. "'ಮಕ್ಕಳು' ಅಂತ ಬರೆದು ಸುಮ್ನಾಗೋರು. ನೀನು ಬಂದಾಗ ಇನ್ನೊಂದ್ಸಲ ಸರಿಯಾಗಿ ಕೇಳ್ಕೋತೀನಿ ಅಂತಿದ್ರು."

ಅವಳು ಕುಂಚ ಅದ್ದಿದಳು. 'ಗಂಟೆ ಮೇಷ್ಟ್ರಿಗೆ, ಅವರ ವಿದ್ಯಾರ್ಥಿಗಳು.' ಅಭ್ಯಾಸದ ಕೈ, ತಪ್ಪಿಲ್ಲದೆ ಬರೆಯಿತು.

ರಿಪೇರಿಯವನು ಬಗ್ಗಿ ನೋಡಿದ. "ಹೊಟ್ಟೆ ಸೀಳೋದು ಮರೆತಿದ್ದೀಯಲ್ಲೇ."

"ಹೂಂ, ಮರೆತಿದ್ದಾಳೆ," ಎಂದಳು ಅದೇ ಚಾಪೆಯಲ್ಲಿ ಕಲಿತ ಟೈಲರಮ್ಮ. "ಮೇಷ್ಟ್ರು ನೋಡಿದ್ರೆ ನೂರು ಸಲ ಬರೆಸೋರು." ಹಿಂದೆ ನಿಂತ, ಅವರಲ್ಲೇ ಕಲಿತವರ ನರೆತ ತಲೆಗಳೂ ಹೌದೆಂದು ಆಡಿದವು.

ಸರಿಯುತ್ತರ ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದಳು. ಕುಂಚವನ್ನು ಮತ್ತೊಮ್ಮೆ ಅದ್ದಿ, ಉಸಿರು ಬಿಗಿಹಿಡಿದು, ದ ಅಕ್ಷರದ ಹೊಟ್ಟೆಗೆ ಸಣ್ಣದೊಂದು ಗೀರು ಎಳೆದಳು. ಗೀರು ಮುಗಿದ ಮೇಲೆ ಉಸಿರು ಬಿಟ್ಟಳು.