ಎರಡು ಕೆಮ್ಮು

"ಬ್ಯಾಂಡೇಜು ಸುತ್ತೋಳು ನೀನು, ಮೂಲೇಲಿ ಬಿದ್ದಿರು. ತುಟಿ ಪಿಟಕ್ ಅಂದ್ಯೋ, ಕೆಲಸದಿಂದ ಕಿತ್ತಾಕ್ತೀನಿ ಮುಂಡೇದೆ."

ನಲವತ್ತು ರೋಗಿಗಳ ಎದುರಿಗೇ ಡಾಕ್ಟರು ಹೀಗಂದರು. ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನವೆಂದು ಎಂಟಕ್ಕೇ ಹಾಜರಾಗಿದ್ದರು. ಉಳಿದ ದಿನ ಹನ್ನೊಂದಕ್ಕೆ ಬಂದರೆ ನಮ್ಮ ಪುಣ್ಯ. ಹನ್ನೆರಡು ವರ್ಷದಿಂದ ಹೊರರೋಗಿಗಳನ್ನು ನೋಡುತ್ತಿರುವವಳು ನರ್ಸಾದ ನಾನು, ಸಹಿ ಮಾತ್ರ ಅವರದು. ಅವರೆದುರು ನಾನು ಬಾಯಿಬಿಟ್ಟರೆ ಅವರ ಮರ್ಯಾದೆಗೆ ಕುಂದಂತೆ. ಅದಕ್ಕೇ ಕೆಮ್ಮುತ್ತಿದ್ದೆ. ಒಂದು ಕೆಮ್ಮಿದರೆ ಮಾತ್ರೆ ಬರೆಯುವುದು, ಎರಡು ಕೆಮ್ಮಿದರೆ ದೊಡ್ಡಾಸ್ಪತ್ರೆಗೆ ಕಳಿಸುವುದು. ಈ ಏರ್ಪಾಟೂ ಅವರದೇ.

ಸಾಹೇಬರು ಬಂದು ಪಕ್ಕದಲ್ಲಿ ಕೂತರು. ಡಾಕ್ಟರು ಮೊದಲ ಮುದುಕಿಯ ಬೆನ್ನಿಗೆ ಸ್ಟೆತಸ್ಕೋಪು ಒತ್ತಿ ಗಂಭೀರವಾಗಿ ತಲೆಯಾಡಿಸಿದರು.

"ಅದನ್ನ ಮೊದ್ಲು ಕಿವಿಗೆ ಹಾಕ್ಕೊಳಪ್ಪಾ," ಎಂದಳು ಮುದುಕಿ, ನನ್ನತ್ತ ಕೈ ತೋರಿಸಿ. "ಇವ್ಳು ದಿನಾ ಹಾಗೇ ಮಾಡೋದು."

ನಗು ತಡೆಯಲು ನಾನು ಹತ್ತಿಯ ಉಂಡೆಯನ್ನೇ ಕಚ್ಚಿಕೊಂಡೆ.

ಆಮೇಲೆ ಬಂದವಳು ಇಟ್ಟಿಗೆ ಹೊರುವ ಎಂಟು ತಿಂಗಳ ಬಸುರಿ. ಮುಖ, ಕಾಲು ಊದಿಕೊಂಡಿದ್ದವು. ತಲೆ ಸಿಡೀತಿದೆ, ಕಣ್ಣು ಮಂಜು ಮಂಜು ಎಂದಳು. ಎರಡು ಸಲ ಕೆಮ್ಮಿದೆ. ಡಾಕ್ಟರು ಸಾಹೇಬರಿಗೆ ಹಲ್ಲು ಗಿಂಜುತ್ತಾ ತಲೆನೋವಿನ ಮಾತ್ರೆ ಬರೆದರು. ಗಂಟಲು ಹರಿಯುವ ಹಾಗೆ ಮತ್ತೆರಡು ಕೆಮ್ಮಿದೆ.

"ಏನ್ರೀ ಇವಳಿಗೆ, ಕ್ಷಯಾನಾ?" ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದರು.

"ಹಳೇ ಕೆಮ್ಮು ಸಾರ್," ಎಂದ ಡಾಕ್ಟರು ನನಗೇ ಒಂದು ಸಿರಪ್ಪು ಬರೆದು ಚೀಟಿ ಕೈಗಿತ್ತರು. "ಹೋಗು, ಹೊರಗೆ ಕೆಮ್ಕೋ."

ಹಾಳಾಗಿ ಹೋಗಲಿ ಈ ಕೆಲಸ. ಬಸುರಿಯ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದೆ.

"ನೂರ ಎಂಬತ್ತು, ನೂರ ಇಪ್ಪತ್ತು. ಇದು ಬರೀ ತಲೆನೋವಲ್ಲ ಸಾರ್. ಫಿಟ್ಸ್ ಬಂದ್ರೆ ತಾಯಿ ಮಗು ಇಬ್ರೂ ಹೋಗ್ತಾರೆ. ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು."

ಸಾಹೇಬರ ಜೀಪು ಬಾಗಿಲಲ್ಲೇ ನಿಂತಿತ್ತು. ನನ್ನ ಸಿರಪ್ಪಿನ ಚೀಟಿಯ ಹಿಂದೆ ಬಿ.ಪಿ. ಬರೆದು ಅವಳ ಕೈಗಿಟ್ಟೆ. ಸರದಿಯ ಹೆಂಗಸರು ಅವಳನ್ನು ಎತ್ತಿ ಜೀಪು ಹತ್ತಿಸಿದರು, ಇಬ್ಬರು ಜೊತೆಗೂ ಹತ್ತಿದರು. ಡ್ರೈವರಿಗೂ ಹೆಂಡತಿ ಮಕ್ಕಳಿದ್ದರೆಂದು ಕಾಣುತ್ತದೆ, ಅವನು ಅಪ್ಪಣೆಗೆ ಕಾಯಲಿಲ್ಲ.

"ನನ್ನ ಗಾಡಿ ಕಣ್ರೇ ಅದು. ನಾನು ಹೇಗೆ ಹೋಗ್ಲಿ?"

"ಕೂತ್ಕೊಳ್ಳಿ ಸಾಮಿ," ಮುದುಕಿ ಬೆಂಚಿನ ಮೇಲೆ ಜಾಗ ಬಿಟ್ಟಳು. "ಕಾಯೋದು ನಮ್ಗೆಲ್ಲ ಅಭ್ಯಾಸ ಆಗೋಗಿದೆ."

ಡಾಕ್ಟರು ಹಲ್ಲು ಕಡಿಯುತ್ತಾ ಕುರ್ಚಿ ಬಿಟ್ಟೆದ್ದರು. "ನಾಳೆಯಿಂದ ಇಲ್ಲಿ ಕಾಲಿಡಬೇಡ."

"ಆಯ್ತು ಸಾರ್. ಇವತ್ತಿಗೆ ಇನ್ನೂ ಮೂವತ್ತಾರು ಜನ ಇದಾರೆ," ಎಂದು ನಾನು ಆ ಕುರ್ಚಿಯಲ್ಲಿ ಕೂತೆ. "ಸ್ವಲ್ಪ ಪಕ್ಕಕ್ಕೆ ಸರೀರಿ, ಬೆಳಕಿಗೆ ಅಡ್ಡ ಆಗ್ತಿದೀರ."